ನಾನು ಊದದ ಸೀಟಿ

ನಮ್ಮ ಬೀಗರು, ಅಂದರೆ ಮಗಳ ಮಾವ, ಸ್ಕಾಟ್‌ಲೆಂಡ್ ಮೂಲದವರು. ಮನೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಅವರ ಕಡೆಯವರು ವರ್ಷಕ್ಕೊಮ್ಮೆ, ನಾನು ಈಗ ಮಗಳ ಜೊತೆ ಇರುವ ಪೊಮೊನಾದ ಮೈದಾನದಲ್ಲಿ ಒಂದು ಹಳೆಯ ಕಾಳಗವನ್ನು ಆಡಿ ತೋರಿಸುತ್ತಾರೆ. ಹದಿನೆಂಟನೆಯ ಶತಮಾನದ ದಂಗೆಯ ಕಾಲದ್ದು, ತೀರ ಸಣ್ಣ ಕಾಳಗ. ದಂಗೆಯ ರಾಜಕುಮಾರನನ್ನು ಹಿಡಿಯಲು ಸರ್ಕಾರದ ದೊಡ್ಡ ಪಡೆ ಕತ್ತಲಲ್ಲಿ ಬರುತ್ತದೆ. ದಾರಿ ಕಾಯುತ್ತಿದ್ದವರು ಒಬ್ಬ ಕಮ್ಮಾರ ಮತ್ತು ನಾಲ್ಕು ಜನ. ಅವರು ಅಲ್ಲಲ್ಲಿ ಅಡಗಿ ಗುಂಡು ಹಾರಿಸುತ್ತ ಬೇರೆ ಬೇರೆ ಕುಲಗಳ ಹೆಸರು ಕೂಗುತ್ತಾರೆ. ಎದುರಿಗೆ ಸೈನ್ಯವೇ ಇದೆಯೆಂದು ಹೆದರಿ ಪಡೆ ಓಡುತ್ತದೆ. ಸತ್ತವನು ಒಬ್ಬನೇ, ಪಡೆಯ ಬ್ಯಾಗ್‌ಪೈಪ್ ಊದುವವನು. ಆ ಪಾತ್ರ ಬೀಗರದು.

ಹೋದ ಸಲ ಐವರಲ್ಲಿ ಒಬ್ಬರು ಬರಲಿಲ್ಲ. ಬೀಗರು ನನ್ನನ್ನು ಕರೆದರು. ನಾನು ಮೆಟ್ರಿಕ್‌ವರೆಗೆ ಓದಿ ಗದಗಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಕುಲಗಳ ಹೆಸರು ನಾಲಿಗೆಗೆ ಹೊರಳಲಿಲ್ಲ. ನಿಮ್ಮ ಭಾಷೆಯಲ್ಲೇ ಏನಾದರೂ ಕೂಗಿ ಎಂದರು. "ಗದಗ, ಗದಗ, ಗದಗ! ಅಣ್ಣಿಗೇರಿ, ಹುಬ್ಬಳ್ಳಿ!" ಎಂದು ಕೂಗಿದೆ. ಎಲ್ಲರಿಗೂ ಹಿಡಿಸಿತು. ಆದರೆ ತಾಲೀಮಿನಲ್ಲಿ ಬೇಗ ಎದ್ದು ನಿಂತು, ನಾವು ಐದೇ ಜನ ಎಂಬ ಗುಟ್ಟು ಬಯಲು ಮಾಡಿ ಆಟ ಕೆಡಿಸಿಬಿಟ್ಟೆ.

"ಅಪ್ಪಾ, ಆಟ ಮುಗೀತಂತ ಅವರು ಸೀಟಿ ಊದೂತನಾ ಏಳಬ್ಯಾಡ್ರಿ," ಎಂದಳು ಮಗಳು. "ಮಂದಿ ಮುಂದ ನನ್ನ ಮಾನಾ ಕಳೀಬ್ಯಾಡ್ರಿ."

ಆಟದ ದಿನ ಹುಲ್ಲಿನ ಪೆಂಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೂಗುತ್ತಿದ್ದೆ. ಸಂದಿಯಲ್ಲಿ ಬೀಗರು ಬಿದ್ದದ್ದು ಕಂಡಿತು. ಅವರ ಬಲ ಮೊಣಕಾಲಿಗೆ ಆಪರೇಶನ್ ಆಗಿತ್ತು. ನಮ್ಮ ಹಿತ್ತಲಲ್ಲಿ ಪ್ರಾಕ್ಟೀಸ್ ಮಾಡುವಾಗಲೆಲ್ಲ ಎಡಕ್ಕೇ ಬೀಳುತ್ತಿದ್ದರು. ಅವತ್ತು ಬಲಕ್ಕೆ ಬಿದ್ದರು. ಮೈಯಡಿ ಸಿಕ್ಕಿದ ಬ್ಯಾಗ್‌ಪೈಪಿನ ಚೀಲ ಸ್ವಲ್ಪ ಹೊತ್ತು ನರಳಿ ನಿಂತುಹೋಯಿತು. ಜನ ಚಪ್ಪಾಳೆ ಹೊಡೆದರು.

ಕೈ ಜೇಬಿಗೆ ಹೋಯಿತು. ಅಲ್ಲಿ ನನ್ನ ಹಳೆಯ ಸೀಟಿ ಇತ್ತು. ನಿವೃತ್ತನಾದ ಮೇಲೂ ಅದಿಲ್ಲದೆ ನಾನು ಹೊರಗೆ ಹೋದವನಲ್ಲ. ಎರಡು ಸಲ ಊದಿದರೆ ಬಸ್ಸು ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ಒಂದು ಸಲ ಊದಿದ್ದರೆ ಸಾಕಿತ್ತು. ಆದರೆ ಅವರು ನಟಿಸುತ್ತಿದ್ದರೆ? ಮತ್ತೆ ನಾನೇ ಕೆಡಿಸಿದೆ ಎಂದಾದರೆ? ಜೇಬಿನೊಳಗೇ ಸೀಟಿ ಹಿಡಿದು "ಗದಗ, ಗದಗ" ಎಂದು ಕೂಗುತ್ತಲೇ ಇದ್ದೆ. ಪಡೆಯೆಲ್ಲ ಓಡಿ, ಆಟ ಮುಗಿದ ಸೀಟಿ ಕೇಳಿಸಿದ ಮೇಲೆ ಎದ್ದೆ. ಬೀಗರು ಏಳಲಿಲ್ಲ.

ಸ್ಟ್ರೋಕ್ ಆದಾಗ ಒಂದೊಂದು ನಿಮಿಷವೂ ಮುಖ್ಯ ಎಂದು ಡಾಕ್ಟರು ಹೇಳುವಾಗ ಜೇಬಿನ ಮೇಲೆ ಕೈಯಿಟ್ಟು ಕೂತಿದ್ದೆ. ಜೀವ ಉಳಿಯಿತು. ಬಲಗೈ, ಮಾತು ಹೋದವು. ನಾನು ಕೊನೆಯವರೆಗೂ ಜಾಗ ಬಿಡಲಿಲ್ಲ ಎಂದು ಅವರ ಕಡೆಯವರು ಈಗಲೂ ಹೊಗಳುತ್ತಾರೆ.

ಹೋದ ತಿಂಗಳು ಮಗಳಿಗೆ ಎಲ್ಲ ಹೇಳಿ, ಬೀಗರಿಗೆ ತಿಳಿಸು ಎಂದೆ.

"ಅದನ್ನ ನಾ ಇಂಗ್ಲೀಷಿನ್ಯಾಗ ಹೇಳಂಗಿಲ್ಲ, ಅಪ್ಪಾ. ನೀವ ಹೇಳ್ರಿ."

ಭಾನುವಾರ ಸ್ಯಾನ್ ಡಿಯಾಗೋಗೆ ಕರೆದುಕೊಂಡು ಹೋದಳು. ಬೀಗರ ಎದುರು ಕೂತು ಸೀಟಿಯನ್ನು ಮೇಜಿನ ಮೇಲಿಟ್ಟೆ. ನೀವು ಬಲಕ್ಕೆ ಬಿದ್ದದ್ದು ನೋಡಿದ್ದೆ, ಇದು ನನ್ನ ಹತ್ತಿರ ಇತ್ತು, ಊದಲಿಲ್ಲ, ಹೆದರಿದೆ ಎಂದು ನನಗೆ ಬರುವಷ್ಟು ಇಂಗ್ಲೀಷಿನಲ್ಲಿ ಹೇಳಿದೆ. ಅವರು ನನ್ನನ್ನು ನೋಡುತ್ತಲೇ ಎಡಗೈಯಿಂದ ಸೀಟಿ ತೆಗೆದುಕೊಂಡು ಬಾಯಿಗಿಟ್ಟರು. ಗಾಳಿ ತುಟಿಯ ಒಂದು ಪಕ್ಕದಿಂದ ಸೋರಿಹೋಯಿತು. ಸದ್ದು ಬರಲಿಲ್ಲ. ಮತ್ತೆ ಊದಿದರು. ಸೀಟಿ ಇನ್ನೂ ಕೇಳಿಸಿರಲಿಲ್ಲ; ನಾನು ಏಳಲಿಲ್ಲ.