ಅತ್ತೆಯನ್ನು ಕರೆತರಲು ಹೋಗಿದ್ದು

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಬಾಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ತೋಟಕ್ಕೆ ಹೋಗಬೇಕು ಅಂತ ಮೇಸ್ತ್ರಿಗೆ ಹೇಳುವುದು ಅವರ ಕೆಲಸ. ಕೆಟ್ಟವರೇನಲ್ಲ, ಯಾರಿಗೂ ಬೈದದ್ದನ್ನು ನಾನಂತೂ ಕಂಡಿಲ್ಲ. ಆದರೆ ಹೇಳಿ ಅಭ್ಯಾಸವಾಗಿದ್ದ ಆ ಮನುಷ್ಯನಿಗೆ ಯಾರನ್ನಾದರೂ ಒಂದು ಮಾತು ಕೇಳಬೇಕು ಅನ್ನುವುದೇ ಹೊಳೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆ. ನಾನು ಐದನೇ ಕ್ಲಾಸು ಮುಗಿಸಿದ್ದೆ. ಮಾವನ ಹೆಂಡತಿ, ನನ್ನ ಅತ್ತೆ, ಕಳಸದ ತವರುಮನೆಗೆ ಹೋಗಿ ಕೂತಿದ್ದರು. ಕಾರಣ ಒಂದು ಹೊಲಿಗೆ ಮೆಷಿನ್. ಅದು ಅವರು ತವರಿಂದ ತಂದದ್ದು, ಆಳುಗಳಿದ್ದ ಲೈನುಮನೆಯ ಹೆಂಗಸರಿಗೆ ಅದರಲ್ಲೇ ರವಿಕೆ ಹೊಲಿದುಕೊಡುತ್ತಿದ್ದರು. ನಮ್ಮಮ್ಮ ಒಂದು ಸಲ ಬಾಯಿಮಾತಿಗೆ "ನನಗೂ ಒಂದು ಮೆಷಿನ್ ಇದ್ದಿದ್ರೆ" ಅಂದಳು ನೋಡಿ, ಮಾವ ಮಾರನೇ ದಿನವೇ ಅದನ್ನು ಎಸ್ಟೇಟ್ ಜೀಪಿಗೆ ಹಾಕಿಸಿ ನಮ್ಮನೆಗೆ ಕಳಿಸಿಬಿಟ್ಟರು! ಅತ್ತೆ ಆಗ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದರಂತೆ. ಅಮ್ಮನಾದರೂ "ಅವಳನ್ನ ಕೇಳಿದ್ಯೇನೋ?" ಅನ್ನಬಾರದಿತ್ತೇ? ಊಹೂಂ. ಆಗಲೇ ಲಂಗ ಹೊಲಿಯಲು ಕೂತಿದ್ದಳು.

ಎರಡು ತಿಂಗಳಾದರೂ ಅತ್ತೆ ಬರಲಿಲ್ಲ. ಮಾವ ಊಟ ಸೇರದೆ ಸೊರಗಿಹೋದರು. ನನಗೂ ಅತ್ತೆ ಬೇಕಾಗಿತ್ತು. ನೋವಾಗದ ಹಾಗೆ ನನಗೆ ಜಡೆ ಹಾಕುತ್ತಿದ್ದವರು ಅವರೊಬ್ಬರೇ. ಕೊನೆಗೆ ಒಂದು ಭಾನುವಾರ ಅಮ್ಮ, ಮಾವ, ನಾನು ಮೂವರೂ ಮೆಷಿನ್ನಿಗೆ ಗೋಣಿ ಸುತ್ತಿ, ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಕಳಸಕ್ಕೆ ಹೊರಟೆವು. "ಮೆಷಿನ್ ವಾಪಸ್ ಕೊಟ್ರೆ ಮುಗೀತಲ್ಲ ಮಾರಾಯ, ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದಿ?" ಅಂತ ಅಮ್ಮ ದಾರಿಯುದ್ದಕ್ಕೂ ಧೈರ್ಯ ಹೇಳಿದಳು.

ಅಲ್ಲಿ ಯಾರೂ ವಿಷಯ ಎತ್ತಲಿಲ್ಲ. ಅತ್ತೆಯ ಅಪ್ಪ "ನಿಮ್ಮಲ್ಲಿ ಕಾಫಿಗೆ ಹೂಮಳೆ ಹೇಗಾಯ್ತು?" ಅಂದರು. ಮಾವ ಹೇಳಿದರು. ಕಾಫಿ ರೇಟು, ಮೆಣಸಿನ ಬಳ್ಳಿಯ ರೋಗ, ಎಲ್ಲ ಆಯಿತು. ಕಡುಬು, ಕೋಳಿಸಾರು ಬಡಿಸಿದವರು ಅತ್ತೆಯೇ. ನನಗೆ ಬೇಡವೆಂದರೂ ಕಡುಬು ಹಾಕಿದರು. ಮಾವನಿಗೆ ಮುಖ ನೋಡದೆ ಸಾರು ಬಿಟ್ಟರು.

ಎಲೆಅಡಿಕೆ ಹಾಕಿಕೊಂಡ ಮೇಲೆ ಮಾವ ಗಂಟಲು ಸರಿಮಾಡಿಕೊಂಡು ಅತ್ತೆಯ ಅಪ್ಪನಿಗೆ, "ಮೆಷಿನ್ ತಂದಿದ್ದೀನಿ. ಸಂಜೆ ಬಸ್ಸಿಗೆ ಇವಳನ್ನ ಕಳಿಸಿಕೊಡಿ," ಅಂದರು. ಹೆಂಡತಿಯನ್ನು ಕರೆದೊಯ್ಯುವಾಗ ಹಿರಿಯರಿಗೆ ಹೀಗೆ ಹೇಳುವುದೇ ನಮ್ಮ ಕಡೆ ಮರ್ಯಾದೆ. ಅವರೂ "ಅದಕ್ಕೇನಂತೆ, ಕರ್ಕೊಂಡು ಹೋಗಿ," ಅಂದರು. ಅಮ್ಮ ಸಮಾಧಾನದ ಉಸಿರು ಬಿಟ್ಟಳು. ಬಸ್ಸಿನಲ್ಲಿ ಅತ್ತೆಯ ಪಕ್ಕ ನಾನೇ ಕೂರುವುದು ಅಂತ ನಾನೂ ತೀರ್ಮಾನಿಸಿಬಿಟ್ಟೆ.

ಅಷ್ಟರಲ್ಲಿ ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆ ಬಾಗಿಲಿಗೆ ಬಂದರು.

"ಹತ್ತು ಆಳು ಕಳಿಸು ಅಂತ ಮೇಸ್ತ್ರಿಗೆ ಹೇಳಿದ ಹಾಗೆ ಹೇಳ್ತಿದ್ದೀರಲ್ಲ! ಮೆಷಿನ್ ಕಳಿಸುವಾಗ ನನ್ನ ಕೇಳಲಿಲ್ಲ. ಈಗ ನನ್ನನ್ನ ಕಳಿಸಿ ಅಂತ ಅಪ್ಪಂಗೆ ಹೇಳ್ತಿದ್ದೀರಿ. ನನಗೂ ಗೋಣಿ ಸುತ್ತಿ ಟಾಪಿಗೆ ಹಾಕ್ತೀರಾ?"

"ಏ, ಸುಮ್ನಿರು," ಅಂದರು ಅವರಪ್ಪ. ಅತ್ತೆ ಒಳಗೆ ಹೋಗಲಿಲ್ಲ. ಅಮ್ಮ ತಲೆ ತಗ್ಗಿಸಿದಳು. ನನಗೋ ಮಾವನ ಮೇಲೆ ಕೆಟ್ಟ ಸಿಟ್ಟು. ಒಂದು ಮಾತು ಕೇಳಿದರೆ ಇವರ ಗಂಟೇನು ಹೋಗುತ್ತೆ?

ಮಾವ ಎದ್ದು ನಿಂತರು. ಅವರ ಕಿವಿ ಕೆಂಪಾಗಿತ್ತು. ಎಲ್ಲರ ಎದುರಿಗೇ, "ಬರ್ತೀಯಾ?" ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು,

"ಇಲ್ಲ. ಇವತ್ತು ಬರಲ್ಲ."

ಅಯ್ಯೋ ದೇವರೇ! ಕೇಳಿದ ಮೇಲೆ ಬರಬೇಕು ತಾನೆ? ನನಗೆ ಅಳುವೇ ಬಂತು. ಮಾವನೂ ಹಾಗೇ ಅಂದುಕೊಂಡಿದ್ದಿರಬೇಕು. ಅಮ್ಮ "ಇದೇನೇ ಇದು, ಕೇಳಿದ್ನಲ್ಲ!" ಅಂತ ಶುರು ಮಾಡಿದಳು.

"ಇರು ಅಕ್ಕ. ಬರಲ್ಲ ಅಂದ್ಲಲ್ಲ," ಅಂದರು ಮಾವ. ಆಮೇಲೆ ಅತ್ತೆಯ ಕಡೆ ತಿರುಗಿದರು. "ಮುಂದಿನ ಭಾನುವಾರ ಬಂದು ಕೇಳಬಹುದಾ?"

ಅಲ್ಲಿಯವರೆಗೂ ಗಟ್ಟಿಯಾಗಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ಒಬ್ರೇ ಬನ್ನಿ," ಅಂದರು.