ಪುಂಜಾಲಕಟ್ಟೆಯ ಕೆಂಪು ಚುಕ್ಕೆ

ವೆಬ್‌ಸೈಟ್ ಮಾಡುವುದನ್ನು ನನಗೆ ಯಾರೂ ಕಲಿಸಿದ್ದಲ್ಲ. ಬಂಟ್ವಾಳದ ಸೈಬರ್ ಕೆಫೆಯಲ್ಲಿ ಕೂತು, ಬೇರೆಯವರ ಪುಟಗಳ ಹಿಂದಿನ ಕೋಡನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡು ಕಲಿತೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷ ಆಗಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಕಡೆ ಹೊಲಿಗೆ ಮಿಷನ್ ಅಂಗಡಿ ಇದ್ದ ಮಾಲಕರೊಬ್ಬರು ನನ್ನಿಂದ ವೆಬ್‌ಸೈಟ್ ಮಾಡಿಸಿದರು. ಅದಕ್ಕೆ ಒಂದು ನಕ್ಷೆ ಸೇರಿಸುವ ಹುಚ್ಚು ನನ್ನದೇ. ನಿಮ್ಮ ಊರಿನ ಹೆಸರು ಒತ್ತಿದರೆ ಸಾಕು, ಹತ್ತಿರದ ಅಂಗಡಿಯ ಮೇಲೆ ಕೆಂಪು ಚುಕ್ಕೆ, ಕೆಳಗೆ ಹೋಗುವ ದಾರಿ.

"ಅದು ಯಾರಿಗೆ ಮಾರಾಯ್ತಿ? ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ರೆ ಯಾರಾದ್ರೂ ಹೇಳ್ತಾರೆ," ಎಂದರು ಮಾಲಕರು.

"ಗಲ್ಫಿನಲ್ಲಿ ಇರುವವರು ನೋಡಿ ಮನೆಗೆ ಫೋನ್ ಮಾಡ್ತಾರೆ ಸರ್."

"ಹಾಗಾದ್ರೆ ರಿಪೇರಿಯದ್ದೂ ಹಾಕು. ಪುಂಜಾಲಕಟ್ಟೆಯಲ್ಲಿ ಒಬ್ರು ಇದ್ದಾರೆ. ಮೂರು ಅಂಗಡಿಯ ಕೆಲಸವೂ ಅವರದ್ದೇ ಕೈ."

ಮರುದಿನವೇ ಬಸ್ಸು ಹತ್ತಿ ಹೋದೆ. ರಿಪೇರಿ ಮಾಡುವವರು ಒಬ್ಬ ಅಕ್ಕ, ಮೂವತ್ತು ದಾಟಿರಬಹುದು. ಮಿಷನ್ ಬಿಚ್ಚುವುದನ್ನು ತಂದೆಯಿಂದ ಕಲಿತಿದ್ದರು. ಗಂಡ ಸೌದಿಯ ದಮಾಮಿನಲ್ಲಿ, ಮನೆಯಲ್ಲಿ ಇವರು ಮತ್ತು ಮಾಮಿ, ಅಂದರೆ ಗಂಡನ ತಾಯಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೆಲಸ. ಸುತ್ತಲಿನ ಹೆಂಗಸರು ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಸುತ್ತಿ ತಂದು, ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಚಹಾ ಕುಡಿದು ಹೋಗುತ್ತಿದ್ದರು. ನಾನೂ ಹಾಗೆಯೇ ಹೋದೆ, ಚಹಾ ಕುಡಿದೆ. ದಾರಿಯನ್ನು ತಪ್ಪಿಲ್ಲದೆ ಬರೆದುಕೊಂಡೆ: ಬಸ್ಸಿಳಿದು ಎಡಕ್ಕೆ, ಫ್ಯಾನ್ಸಿ ಸ್ಟೋರ್ ದಾಟಿ, ಹಸಿರು ಗೇಟು, ಮನೆಗೆ ಸುತ್ತು ಬಂದು ಹಿಂದಿನ ಬಾಗಿಲು ತಟ್ಟಿ.

"ಇದನ್ನೆಲ್ಲ ಎಂತಕ್ಕೆ ಬರೆಯುವುದು? ನನ್ನ ಹತ್ರ ಬರುವವರಿಗೆ ದಾರಿ ಗೊತ್ತುಂಟು," ಎಂದು ಅಕ್ಕ ನಕ್ಕರು. ನಾನು ಬರೆಯುತ್ತಲೇ ಇದ್ದೆ.

ನಕ್ಷೆ ಮಾಲಕರಿಗೆ ಎಷ್ಟು ಹಿಡಿಸಿತೆಂದರೆ, ಆ ಪುಟವನ್ನು ಪ್ರಿಂಟ್ ತೆಗೆಸಿ ಮೂರು ಅಂಗಡಿಯ ಗಾಜಿಗೂ ಅಂಟಿಸಿದರು, ಗಿರಾಕಿಗಳಿಗೂ ಕೊಟ್ಟರು. ಬೆಳ್ತಂಗಡಿಯಲ್ಲಿ ಜನ ನಿಂತು ಓದುವುದನ್ನು ನೋಡಲಿಕ್ಕೆಂದೇ ಒಂದು ದಿನ ಹೋಗಿ ಬಂದೆ.

ತಿಂಗಳೊಳಗೆ ಅಕ್ಕನ ಫೋನ್ ಬಂತು, ಒಮ್ಮೆ ಬಂದು ಹೋಗು ಅಂತ. ಹೋದಾಗ ಕೋಣೆಯಲ್ಲಿ ಮಿಷನ್‌ಗಳ ಮೇಲೆಲ್ಲ ಬಟ್ಟೆ ಮುಚ್ಚಿತ್ತು. ಅಕ್ಕ ಮಡಚಿದ ಹಾಳೆಯೊಂದನ್ನು ನನ್ನ ಮುಂದಿಟ್ಟರು. ನನ್ನದೇ ನಕ್ಷೆ.

"ಕೊಕ್ಕಡದಿಂದ ಇಬ್ಬರು ಗಂಡಸರು ಜೀಪಿನಲ್ಲಿ ಬಂದ್ರು. ಪಾಪ, ಕೆಟ್ಟ ಜನ ಅಲ್ಲ. ನೀನು ಬರೆದ ಹಾಗೆಯೇ ಸೀದಾ ಹಿಂದಿನ ಬಾಗಿಲಿಗೆ ಬಂದ್ರು. ನಾನು ಸ್ನಾನ ಮಾಡಿ ತಲೆ ಒಣಗಿಸ್ತಾ ಇದ್ದೆ, ತಲೆ ಮೇಲೆ ಬಟ್ಟೆಯೂ ಇರಲಿಲ್ಲ. ಆಮೇಲೆ ಮುಂಡಾಜೆಯವರು. ಮತ್ತೆ ಯಾರ್ಯಾರೋ. ಮಾಮಿ ಹೇಳಿದ್ರು, ಇನ್ನು ಈ ಕೆಲಸ ಸಾಕು ಅಂತ."

ಆ ಬಾಗಿಲಿನಿಂದ ನನ್ನನ್ನು ಒಳಗೆ ಬಿಟ್ಟದ್ದು ನಾನು ಹುಡುಗಿ ಎಂಬ ಕಾರಣಕ್ಕೆ. ಆ ಬಾಗಿಲಿನ ದಾರಿಯನ್ನೇ ನಾನು ಊರೆಲ್ಲ ಓದುವ ಹಾಗೆ ಬರೆದುಬಿಟ್ಟಿದ್ದೆ. ಮುಖ ಎತ್ತಲು ಆಗಲಿಲ್ಲ.

"ಇವತ್ತೇ ಚುಕ್ಕೆ ತೆಗೀತೇನೆ ಅಕ್ಕ."

"ತೆಗೆದ್ರೆ ನಿಮ್ಮ ಮಾಲಕರು ಬೇರೆ ಯಾರಿಗಾದ್ರೂ ಕೆಲಸ ಕೊಡ್ತಾರೆ. ಅಪ್ಪ ಕಲಿಸಿದ್ದು ಇದೊಂದೇ ನನಗೆ. ತೆಗೀಬೇಡ, ಸರಿಸು."

"ಎಲ್ಲಿಗೆ?"

"ಫ್ಯಾನ್ಸಿ ಅಂಗಡಿಗೆ. ಅಲ್ಲಿಯ ಅಜ್ಜಿ ನನ್ನ ಅಮ್ಮನ ಕಡೆಯವರು. ಬಂದವರು ಯಾರು ಅಂತ ಮುಖ ನೋಡಿ ವಿಚಾರಿಸ್ತಾರೆ. ಹೆಂಗಸರಾದ್ರೆ ಇಲ್ಲಿಗೆ ಕಳಿಸಲಿ, ಗಂಡಸರಾದ್ರೆ ಮಿಷನ್ ಅಲ್ಲೇ ಇಟ್ಟು ಹೋಗಲಿ."

ಜಗಲಿಯಲ್ಲಿ ಕೂತಿದ್ದ ಮಾಮಿ ಇದನ್ನೆಲ್ಲ ಕೇಳುತ್ತಿದ್ದರು. "ಒಂದು ತಿಂಗಳು ನೋಡುವ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಮನೆಗೂ ಒಂದು ಹಿಂದಿನ ಬಾಗಿಲು ಉಂಟಲ್ಲ? ಅದನ್ನು ಯಾಕೆ ಬರೀಲಿಲ್ಲ?" ಎಂದರು.

"ಆ ಅಂಗಡಿ ನಮ್ಮದಲ್ಲವಲ್ಲ, ಸುಳ್ಳು ಜಾಗ ತೋರಿಸುವುದಾ?" ಎಂದು, ವಿಷಯ ಎತ್ತಿದಾಗ ಮಾಲಕರು ಗೊಣಗಿದರು. ನಡೆದದ್ದನ್ನು ಹೇಳಿದೆ. "ಸರಿಸು," ಎಂದರು. ಚುಕ್ಕೆ ಸರಿಸಲು ಎರಡು ನಿಮಿಷ ಸಾಕಾಯಿತು. ಹಾಳೆಗಳನ್ನು ಕೀಳಲು ಮೂರೂ ಊರಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಮೂಡಬಿದಿರೆಯಲ್ಲಿ ಅಂಟು ಬಿಡದೆ ಉಗುರಿನಿಂದ ಕೆರೆದೆ. ಜನರ ಕೈಸೇರಿದ ಹಾಳೆಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ತಿಂಗಳು ಕಳೆದ ಮೇಲೆ ಪುಂಜಾಲಕಟ್ಟೆಯಲ್ಲಿ ಇಳಿದೆ. ಫ್ಯಾನ್ಸಿ ಅಂಗಡಿಯ ಬಳೆಗಳ ಪಕ್ಕ, ಗೋಣಿಯಲ್ಲಿ ಸುತ್ತಿದ ಮಿಷನ್ ತಲೆಗಳು ಎರಡು, ಊರಿನ ಹೆಸರು ಬರೆದ ಚೀಟಿ ಸಮೇತ. ಕೆಲಸ ನಿಂತಿರಲಿಲ್ಲ. ಹಸಿರು ಗೇಟು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಆದರೂ ಅಂಗಡಿಯ ಮುಂದೆ ನಿಂತೆ.

"ಯಾರು ಬೇಕಿತ್ತು?" ಎಂದರು ಅಜ್ಜಿ.

"ಮಿಷನ್ ರಿಪೇರಿಯ ಅಕ್ಕ."

"ನೀನು ಯಾವ ಊರಿನವಳು? ಯಾರ ಮಗಳು? ಒಬ್ಬಳೇ ಬಂದದ್ದಾ?"

ಒಂದೊಂದಕ್ಕೂ ಉತ್ತರ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಹೋಗು ಎನ್ನುವವರೆಗೆ ಕಾದು ನಿಂತೆ.