ಡಿ ಡ್ರೈವಿನಲ್ಲಿ ಅವ್ವನ ಸೋಬಾನೆ

ನಿಮ್ಮದೇ ಕಂಪ್ಯೂಟರ್, ನಿಮ್ಮದೇ ಹಾಡು. ಒತ್ತಿದರೆ ‘ನಿಮಗೆ ಹಕ್ಕಿಲ್ಲ’ ಅನ್ನುತ್ತದೆ. ನಿಮಗೆ ಹೀಗಾಗಿದೆಯಾ? ನನಗೆ ಆಗಿದೆ.

ರಾಯಬಾಗದಲ್ಲಿ ಯಾರ ಮನೆಯ ಮದುವೆಯಾದರೂ ಅರಿಶಿನ ಹಚ್ಚುವಾಗ ನಮ್ಮವ್ವನ ಸೋಬಾನೆ ಇರಲೇಬೇಕಿತ್ತು. ಬೀಗರು ಗಡಿಯಾಚೆಯವರಾದರೆ ನಡುವೆ ಮರಾಠಿಯಲ್ಲೂ ಒಂದು ನುಡಿ ಸೇರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಉಳಿದದ್ದು ಅವಳ ಹಾಡುಗಳ ಒಂದು ಕ್ಯಾಸೆಟ್. ನಿಪ್ಪಾಣಿಯಲ್ಲಿ ಅದರ ಸಿಡಿ ಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಆಮೇಲೆ ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು, ಸಿಡಿ ಗೀರುಬಿದ್ದು ಹಾಳಾಯಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಾಡು ಡಿ ಡ್ರೈವಿನಲ್ಲಿತ್ತಲ್ಲ! ಕಂಪ್ಯೂಟರ್ ಕೆಟ್ಟರೆ ಸಿ ಡ್ರೈವ್ ಒರೆಸಿ ಹೊಸ ಸಿಸ್ಟಮ್ ಹಾಕುತ್ತಾರೆ, ಡಿಯಲ್ಲಿಟ್ಟದ್ದಕ್ಕೆ ಸಾವಿಲ್ಲ. ಆಗ ನಮ್ಮ ಕಡೆ ಎಲ್ಲರೂ ನಂಬಿದ್ದು ಇದನ್ನೇ.

ಅಥಣಿಯಲ್ಲಿರುವ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅರಿಶಿನಕ್ಕೆ ಅವ್ವನ ದನಿಯೇ ಬೇಕೆಂದು ಅಕ್ಕ ಹಟ ಹಿಡಿದಳು. ಅಷ್ಟರಲ್ಲಿ ಕಂಪ್ಯೂಟರಿಗೆ ವೈರಸ್. ಚಿಕ್ಕೋಡಿಯ ರಿಪೇರಿಯವನು ಸಿ ಒರೆಸಿ ಕೊಟ್ಟ.

“ಡಿ ದಾಗಿಂದು ಒಂದೂ ಹೋಗಿಲ್ರಿ ಅಣ್ಣಾರ, ನೋಡ್ಕೋರಿ.”

ಹಾಡುಗಳೆಲ್ಲ ಇದ್ದವು. ಒಂದನ್ನು ಒತ್ತಿದೆ. ಲೈಸೆನ್ಸ್ ಇಲ್ಲ ಎಂದು ಪರದೆ ಹೇಳಿತು.

“ಪಿಚ್ಚರ್ ಹಾಡ ಕದ್ದ ಇಳಿಸೀರೇನ್ರಿ?” ಅವನು ನಕ್ಕ.

“ನಮ್ಮವ್ವ ಹಾಡಿದ್ದಪಾ.”

“ಯಾವ ಕಂಪನಿಗೆ ಹಾಡ್ಯಾರ್ರಿ?”

“ಮದಿವಿ ಮನ್ಯಾಗ ಹಾಡ್ಯಾಳ.”

ಅವನ ನಗು ನಿಂತಿತು. ಬಹಳ ಹೊತ್ತು ಹುಡುಕಿ ಹೇಳಿದ್ದು ಇಷ್ಟು: ಸಿಡಿಯಿಂದ ಇಳಿಸುವಾಗಲೇ ಸಿಸ್ಟಮ್ ಒಂದೊಂದು ಹಾಡಿಗೂ ಬೀಗ ಹಾಕಿದೆ, ಯಾರೂ ನಕಲು ಮಾಡಬಾರದೆಂದು. ಬೀಗದ ಕೈ ಇದ್ದದ್ದು ಸಿ ಡ್ರೈವಿನಲ್ಲಿ. ಅದನ್ನು ಈಗಷ್ಟೇ ಒರೆಸಿದ್ದೆವು.

ಅಕ್ಕನಿಗೆ ಫೋನ್ ಮಾಡಿದೆ. “ಹಾಡ ಐತಿ, ನುಡಿಯವಲ್ದು.”

“ಐತಿ ಅಂತಿ, ನುಡಿಯವಲ್ದು ಅಂತಿ. ಹುಚ್ಚ ಹಿಡದೈತೇನಲೇ ತಮ್ಮಾ?”

ಅರಿಶಿನದ ದಿನ ಕಂಪ್ಯೂಟರನ್ನೇ ಹೊತ್ತು ಅಥಣಿಗೆ ಹೋದೆ. ಅರಿಶಿನದ ಕೈಯಲ್ಲೇ ಅಕ್ಕ ಬಂದು ಕುಳಿತಳು. ಒತ್ತಿದೆ. ಅದೇ ಮಾತು ಬಂತು. “ಮತ್ತ ಒತ್ತು” ಎಂದಳು. ಮತ್ತೆ ಅದೇ.

“ನಮ್ಮವ್ವನ ಹಾಡ ಕೇಳಾಕ ಯಾರನ ಬೇಡಬೇಕೋ ತಮ್ಮಾ?”

ನಾನು ಇನ್ನೊಂದು ಹಾಡು ಒತ್ತಿದೆ, ಅದೂ ಅಷ್ಟೇ. ಹೊರಗೆ ಯಾರೋ ಪಿಚ್ಚರ್ ಹಾಡು ಹಚ್ಚಿದರು. ಮದುಮಗಳಿಗೆ ಅದರಲ್ಲೇ ಅರಿಶಿನವಾಯಿತು.

ಆ ಫೈಲುಗಳು ಇವತ್ತಿಗೂ ನನ್ನ ಹತ್ತಿರ ಇವೆ, ಮೂಕವಾಗಿ. ಈಗಿನ ಫೋನು, ಟಿವಿಗಳ ಹೊಟ್ಟೆಯಲ್ಲೂ ಇಂಥ ಬೀಗಗಳಿವೆಯಂತೆ. ಯಾವುದು ಯಾವಾಗ ಬೀಳುತ್ತದೋ ಹೇಳುವವರಿಲ್ಲ. ಇಂಥ ಹಳೆಯ ಬೀಗ ತೆಗೆದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ತೆಗೆಯಲಾಗದವರೂ ಬರೆಯಿರಿ, ಯಾರ ದನಿ ಒಳಗೇ ಉಳಿಯಿತೆಂದು.